ಅಜ್ಞಾತರು ಎಂದು ಬರೆದ ಫಲಕ

ನಾನು ಮೈಸೂರಿನವಳು. ಡೆಟ್ರಾಯಿಟ್‌ನ ಕಪ್ಪು ಜನರ ವಂಶಾವಳಿ ಸಂಘಕ್ಕೆ ಕಾರ್ಯದರ್ಶಿಯಾದದ್ದು ನನ್ನ ಅತ್ತೆಯಿಂದ. ಆಕೆ ಕಪ್ಪು ಅಮೆರಿಕನ್, ಆ ಸಂಘದ ಅಧ್ಯಕ್ಷೆ, ಶಾಲೆಯಲ್ಲಿ ಟೀಚರಾಗಿ ನಿವೃತ್ತರಾದವರು. ಅವರ ಮಗನನ್ನು ಮದುವೆಯಾಗಿ ಡೆಟ್ರಾಯಿಟ್ ಹತ್ತಿರದ ಆನ್ ಆರ್ಬರ್‌ನಲ್ಲಿ ಮನೆ ಮಾಡಿದ ಮೇಲೆ ಒಂದು ದಿನ, "ನಿನಗೆ ಟೈಪಿಂಗೂ ಚೆನ್ನಾಗಿ ಬರುತ್ತೆ, ಸಿಟ್ಟೂ ಚೆನ್ನಾಗಿ ಬರುತ್ತೆ. ನಮಗೆ ಎರಡೂ ಬೇಕು," ಎಂದರು. ಅದೇ ನನ್ನ ನೇಮಕ.

ಕನ್ನಡದವರ ಮನೆಯೊಂದರಲ್ಲಿ ಊಟಕ್ಕೆ ಹೋದಾಗ ಒಬ್ಬ ಅಂಕಲ್ ನಗುತ್ತಾ ಕೇಳಿದರು: "ಅವರಿಗೆಂಥ ವಂಶಾವಳಿನಮ್ಮಾ? ನಮಗಾದ್ರೆ ಗೋತ್ರ ಇದೆ, ಪ್ರವರ ಇದೆ."

"ಗುಲಾಮರ ಹೆಸರನ್ನ ಜನಗಣತಿಯವರು ಬರೀಲೇ ಇಲ್ಲ ಅಂಕಲ್. ದನ ಎಣಿಸಿದ ಹಾಗೆ ವಯಸ್ಸು, ಗಂಡೋ ಹೆಣ್ಣೋ, ಅಷ್ಟೇ. ನಿಮ್ಮೂರ ಮನೇಲಿ ಮುಸುರೆ ತಿಕ್ತಿದ್ದವಳ ಅಜ್ಜಿ ಹೆಸರು ನಿಮಗೆ ಗೊತ್ತಾ?" ಎಂದೆ. ಅವರು ಮೊಸರನ್ನದ ಪಾತ್ರೆಯ ಕಡೆ ತಿರುಗಿಕೊಂಡರು. ಆ ಮನೆಯಿಂದ ಮತ್ತೆ ನಮಗೆ ಕರೆ ಬರಲಿಲ್ಲ.

ಅತ್ತೆಯ ಅಜ್ಜಿಯನ್ನು ಹೂಳಿದ್ದು ನಮ್ಮ ಮನೆಯಿಂದ ಸ್ವಲ್ಪ ದೂರದ ಒಂದು ಸಣ್ಣ ಊರಿನ ಸ್ಮಶಾನದಲ್ಲಿ. ಕಪ್ಪು ಜನರಿಗೆಂದು ಆಗ ಬಿಟ್ಟಿದ್ದು ಹಿಂದಿನ ಮೂಲೆ. ಕಲ್ಲು ನೆಡುವ ಶಕ್ತಿ ಇಲ್ಲದವರು ಮರದ ಗುರುತು ನೆಟ್ಟಿದ್ದರು, ಅದು ಕೊಳೆತು ಹೋಯಿತು. ಆಮೇಲೆ ಊರಿನವರು ಆ ಮೂಲೆಯಲ್ಲೇ ಹುಲ್ಲು ಕತ್ತರಿಸುವ ಯಂತ್ರಗಳಿಗೊಂದು ಶೆಡ್ ಕಟ್ಟಿದರು. ಈಗ ಅದನ್ನು ದೊಡ್ಡದು ಮಾಡುತ್ತಾರೆಂಬ ಸುದ್ದಿ ಬಂದು, ನಾವು ಆ ಊರಿನ ಆಡಳಿತ ಮಂಡಳಿಯ ಸಭೆಗೆ ಹೋದೆವು.

"ನಮ್ಮ ದಾಖಲೆ ಪ್ರಕಾರ ಅಲ್ಲಿ ಯಾರೂ ಇಲ್ಲ," ಎಂದ ಮಂಡಳಿಯ ಅಧ್ಯಕ್ಷ.

ಅತ್ತೆ ಮೈಕಿನ ಮುಂದೆ ನಿಂತರು. "ಅಲ್ಲಿ ನನ್ನ ಅಜ್ಜಿ ಇದ್ದಾರೆ. ಚಿಕ್ಕವಳಿದ್ದಾಗ ಅಮ್ಮನ ಕೈ ಹಿಡಿದುಕೊಂಡು ಹೋಗಿ ಹೂವಿಟ್ಟು ಬರುತ್ತಿದ್ದೆ. ಈಗ ಅವರ ಎದೆಯ ಮೇಲೆ ನಿಮ್ಮ ಟ್ರ್ಯಾಕ್ಟರ್ ನಿಂತಿದೆ."

ಒಬ್ಬೊಬ್ಬರಿಗೆ ಕೊಟ್ಟ ಸಮಯ ಮುಗಿಯಿತೆಂದು ಮೈಕ್ ಆಫ್ ಮಾಡಿದರು. ಆಕೆಯ ತುಟಿ ಇನ್ನೂ ಅಲುಗುತ್ತಿತ್ತು. ನಡಾವಳಿ ಬರೆದುಕೊಳ್ಳುತ್ತಿದ್ದ ನಾನು ಪೆನ್ನು ಕೆಳಗಿಟ್ಟೆ. ಎದ್ದು ನಿಂತು, "ಮುಂದಿನ ಸರದಿ ನನ್ನದು. ನನ್ನ ಸಮಯ ಅವರಿಗೆ," ಎಂದೆ.

ಅಧ್ಯಕ್ಷ ನನ್ನ ಮುಖ ನೋಡಿದ. "ನಿಮಗೂ ಇದಕ್ಕೂ ಏನು ಸಂಬಂಧ?"

"ಅಲ್ಲಿರೋದು ನನ್ನ ಗಂಡನ ಮುತ್ತಜ್ಜಿ. ಮೈಕ್ ಆನ್ ಮಾಡಿ."

ಮಾಡಿದ. ಅತ್ತೆ ಮಾತು ಮುಗಿಸಿಯೇ ಕುಳಿತರು.

ಕೊನೆಗೆ ಮಂಡಳಿಯವರು ನೆಲದೊಳಗೆ ನೋಡುವ ರಾಡಾರ್ ತರಿಸಿದರು. ಶೆಡ್ಡಿನ ಕೆಳಗೂ ಅದರ ಸುತ್ತಲೂ ಸಾಲು ಸಾಲಾಗಿ ಗೋರಿಗಳಿದ್ದವು. ಶೆಡ್ ತೆಗೆದರು, ಫಲಕ ಹಾಕಿ ನಮ್ಮನ್ನು ಕರೆದರು. ಪರದೆ ಸರಿಸಿದಾಗ ಕಂಡದ್ದು: "ಇಲ್ಲಿ ಅಜ್ಞಾತರು ವಿಶ್ರಮಿಸುತ್ತಿದ್ದಾರೆ."

ಅಲ್ಲಿ ಹೂತವರ ಮನೆಮಂದಿಗೆ ನೆನಪಿದ್ದ ಹೆಸರುಗಳನ್ನೆಲ್ಲ ನಾನು ಮಂಡಳಿಗೆ ಮೊದಲೇ ಕಳಿಸಿದ್ದೆ. ಒಂದನ್ನೂ ಹಾಕಿರಲಿಲ್ಲ. ಅಧ್ಯಕ್ಷ ಫೋಟೋಗೆಂದು ಕೈ ಚಾಚಿದ. ಅತ್ತೆ ತಮ್ಮ ಕೈಯನ್ನು ಕೋಟಿನ ಜೇಬಿನಿಂದ ತೆಗೆಯಲಿಲ್ಲ. "ಯಾರಿಗೆ ಅಜ್ಞಾತರು?" ಎಂದಷ್ಟೇ ಕೇಳಿ ಕಾರಿನ ಕಡೆ ನಡೆದರು. ಮನೆಯ ಹತ್ತಿರ ಬಂದಾಗ, "ಮಗೂ, ಒಂದು ಕಲ್ಲು ಕೆತ್ತಿಸೋಣ," ಎಂದರು.

ಅಜ್ಜಿಯ ಹೆಸರಿನ ಕಲ್ಲನ್ನು ಗಂಡನೂ ನಾನೂ ಹಾಡಹಗಲೇ, ಯಾರ ಅಪ್ಪಣೆಯನ್ನೂ ಕೇಳದೆ ನೆಟ್ಟೆವು. ಅತ್ತೆ ಅದರ ಬುಡದಲ್ಲಿ ಹೂವಿಟ್ಟರು. ನಿಯಮದ ಪ್ರಕಾರ ತೆಗೆಯಬೇಕೆಂದು ಮಂಡಳಿಯಿಂದ ಇಮೇಲ್ ಬಂತು. ಸಂಘದ ಕಾರ್ಯದರ್ಶಿಯಾಗಿ ನಾನು ಉತ್ತರ ಬರೆದೆ: "ತೆಗೆಯುವುದಿಲ್ಲ."

ಅವರೂ ಇನ್ನೂ ಮುಟ್ಟಿಲ್ಲ. ಗೆದ್ದಿರಲ್ಲ ಎಂದು ಗೆಳತಿಯರು ಅಭಿನಂದಿಸುತ್ತಾರೆ. ಎಂಥ ಗೆಲುವು! ಸತ್ತ ಹೆಂಗಸಿಗೆ ಅವಳದೇ ಹೆಸರನ್ನು ಕೊಡಿಸಲು ಇಷ್ಟು ಬಡಿದಾಡಬೇಕಾಯಿತು. ಉಳಿದ ಸಾಲುಗಳವರಿಗೆ ಅಷ್ಟೂ ಸಿಕ್ಕಿಲ್ಲ. ಅವರ ಮೊಮ್ಮಕ್ಕಳು ನಮ್ಮ ಸಭೆಗೆ ಬರುತ್ತಾರೆ, ನಾನು ನಡಾವಳಿ ಬರೆಯುತ್ತೇನೆ, ಸಿಟ್ಟು ಹಾಗೇ ಇದೆ.