ಚಾವಡಿಯ ಖಾಲಿ ಗೂಟ

ನನ್ನ ಅಪ್ಪಯ್ಯನ ಅಂಗಿ ನಮ್ಮ ಮನೆಯ ಒಳಗೆ ಒಂದು ದಿನವೂ ನೇತಾಡಿದ್ದಿಲ್ಲ. ಹೊರಗಿನ ಜಗಲಿಯ ಕಂಬಕ್ಕೆ ಒಂದು ಮರದ ಗೂಟವಿತ್ತು. ಅದರಲ್ಲಿ ಅವರ ಬಿಳಿ ಅಂಗಿ, ಅಂಗಿಯ ಮೇಲೆ ಶಾಲು, ಪಕ್ಕದಲ್ಲಿ ಬೆತ್ತದ ಹಿಡಿಯ ಕಪ್ಪು ಕೊಡೆ. ಮದುವೆಯಾಗಿ ನಾವುಂದದ ನಮ್ಮ ಮನೆಗೆ ಬಂದ ದಿನ ಅಲ್ಲಿ ನೇತುಹಾಕಿದವರು, ತಲೆ ಪೂರ್ತಿ ನರೆತ ಮೇಲೂ ಅಲ್ಲೇ ನೇತುಹಾಕುತ್ತಿದ್ದರು. ಹೊಸದಾಗಿ ಬಂದವರು ಅದನ್ನು ನೋಡಿ, ಯಾರೋ ನೆಂಟರು ಬಂದಿದ್ದಾರೆ, ಇನ್ನೇನು ಹೊರಡುವವರಿದ್ದಾರೆ ಎಂದುಕೊಳ್ಳುತ್ತಿದ್ದರು.

ಮಳೆಗಾಲದಲ್ಲಿ ಅಮ್ಮ ಗೊಣಗುತ್ತಿದ್ದಳು. "ಉಪ್ಪುಗಾಳಿಗೆ ಅಂಗಿ ಒಣಗುದಿಲ್ಲೆ. ಒಳ್ಗೆ ಹಾಕುಕೆ ಎಂತ ನಿಮ್ಗೆ?"

"ಇರ್ಲಿ. ಹೋಪತಿಗೆ ಕೈಗ್ ಸಿಕ್ಕತ್," ಎನ್ನುತ್ತಿದ್ದರು ಅಪ್ಪಯ್ಯ.

ಹೋಗುವುದಾದರೂ ಎಲ್ಲಿಗೆ? ಗದ್ದೆಗೆ, ಹಟ್ಟಿಗೆ, ಹೆಚ್ಚೆಂದರೆ ಬೈಂದೂರಿನ ಸಂತೆಗೆ. ಗದ್ದೆಗೆ ಹೋಗಲು ಅಂಗಿಯೇ ಬೇಕಿರಲಿಲ್ಲ.

ನಮ್ಮದು ಅಳಿಯಕಟ್ಟಿನ ಮನೆತನ. ಮನೆ, ಗದ್ದೆಗಳೆಲ್ಲ ಹೆಣ್ಣಿನ ಸಂತಾನಕ್ಕೆ. ಯಜಮಾನಿಕೆ ಅವಳ ಅಣ್ಣನಿಗೆ. ಅಮ್ಮನ ಮನೆ ಆದ್ದರಿಂದ ಅದು ನನ್ನ ಮನೆಯೂ ಹೌದು, ನನ್ನ ಮಕ್ಕಳದ್ದೂ ಹೌದು. ಅಪ್ಪಯ್ಯನ ಮನೆ ಮಾತ್ರ ಅದಲ್ಲ. ಅವರದು ಬ್ರಹ್ಮಾವರದ ಆಚೆಗಿನ ಅವರ ತಾಯಿಯ ಮನೆ. ಹೆಂಡತಿಯ ಮನೆಯ ಗದ್ದೆ ಉತ್ತು, ಬದು ಕಟ್ಟಿ, ಹಟ್ಟಿಯಲ್ಲಿ ಹುಟ್ಟಿದ ಪ್ರತಿ ಕರುವನ್ನೂ ಕೈಯಾರೆ ಎತ್ತಿಕೊಂಡ ಮನುಷ್ಯ ಲೆಕ್ಕದಲ್ಲಿ ನಮ್ಮ ಮನೆಯ ನೆಂಟ. ಅಪ್ಪಯ್ಯ ಈ ಲೆಕ್ಕವನ್ನು ಉಳಿದವರೆಲ್ಲರಿಗಿಂತ ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಎಲೆ ಅಡಿಕೆ ಬೇಕಾದರೂ ಒಳಗಿನ ಕೋಣೆಗೆ ಕೈಹಾಕುತ್ತಿರಲಿಲ್ಲ. ಹೊಸ್ತಿಲಲ್ಲಿ ನಿಂತು "ಹ್ವಾಯ್, ಒಂದ್ ಎಲಿ ಇತ್ತಾ ಕಾಣಿ" ಎಂದು ಕೇಳುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಆ ಎಲೆಯ ಬಳ್ಳಿ ನೆಟ್ಟವರೂ ಅವರೇ, ನೀರು ಹೊತ್ತವರೂ ಅವರೇ.

ಮನೆಯ ಯಜಮಾನರು ನನ್ನ ಮಾವ, ಎಂದರೆ ಅಮ್ಮನ ಅಣ್ಣ. ಮಾತು ಕಡಿಮೆ, ಹುಬ್ಬು ದಪ್ಪ. ಮಾವನೂ ಅಪ್ಪಯ್ಯನೂ ಒಬ್ಬರನ್ನೊಬ್ಬರು ಭಾವ ಎಂದು ಕರೆಯುತ್ತಿದ್ದರು. ಊಟದ ಹೊತ್ತಿಗೆ ಇಬ್ಬರದೂ ಒಂದು ನಾಟಕ. "ಕೂಕಣಿ ಭಾವ" ಎಂದು ಇವರು, "ನೀವ್ ಕೂಕಣಿ ಭಾವ" ಎಂದು ಅವರು. ಯಜಮಾನರಿಗಿಂತ ಮುಂಚೆ ಕೂರಲು ಇವರಿಗೆ ಸಂಕೋಚ, ನೆಂಟರನ್ನು ನಿಲ್ಲಿಸಿ ಕೂರಲು ಅವರಿಗೆ ಸಂಕೋಚ. ಗಂಜಿ ಬಡಿಸಿ ನಿಂತ ನನ್ನ ಕಾಲು ಸೋಲುತ್ತಿತ್ತು, ಗಂಜಿ ಆರುತ್ತಿತ್ತು. ಅಮ್ಮ ಇದ್ದಾಗ ಒಂದು ಗದರು ಹಾಕಿ ಇಬ್ಬರನ್ನೂ ಕೂರಿಸುತ್ತಿದ್ದಳು.

ಅಮ್ಮ ತೀರಿಹೋದ ಮೇಲೆ ಅಪ್ಪಯ್ಯ ಒಳಗೆ ಮಲಗುವುದನ್ನೂ ಬಿಟ್ಟರು. ಜಗಲಿಯಲ್ಲಿ, ಅಂಗಿಯ ಗೂಟದ ಕೆಳಗೆ ಚಾಪೆ ಹಾಸಿಕೊಂಡರು. ಮಲಗುವ ಮುಂಚೆ ಮಾವ ಹೆಬ್ಬಾಗಿಲ ಹತ್ತಿರ ಬಂದು "ಭಾವ, ಬಾಗ್ಲ್ ಹಾಕ್ಲಾ?" ಎಂದು ಕೇಳುವರು. "ಹಾಕಿ ಹಾಕಿ, ನಾ ಇಲ್ಲೇ ಇರ್ತೆ," ಎಂದು ಹೊರಗಿನಿಂದ ಉತ್ತರ. ಮಾವ ಬಾಗಿಲನ್ನು ಅರ್ಧ ಸರಿಸಿ, ಅಗುಳಿ ಹಾಕದೆಯೇ ಹೋಗಿಬಿಡುತ್ತಿದ್ದರು.

ಯುದ್ಧದ ಕಾಲ. ಸೀಮೆಎಣ್ಣೆಗೆ ತತ್ವಾರ, ಬಸ್ಸುಗಳು ಇದ್ದಲಿನ ಹೊಗೆಯಲ್ಲಿ ಕೆಮ್ಮುತ್ತ ಓಡುತ್ತಿದ್ದವು. ಅಂಥ ಒಂದು ಬಸ್ಸಿನಿಂದ ಇಳಿದು ಶೀನ ಬಂದ. ಶೀನ ಎಂದರೆ ಅಪ್ಪಯ್ಯನ ಅಕ್ಕನ ಮಗ, ಬ್ರಹ್ಮಾವರದ ಮನೆಯವನು. ಅಲ್ಲಿ ಯಜಮಾನರಾಗಿದ್ದ ಅಪ್ಪಯ್ಯನ ಅಣ್ಣ ತೀರಿಕೊಂಡು, ಕ್ರಿಯೆಗಳೆಲ್ಲ ಮುಗಿದು ಕೆಲವು ದಿನ ಆಗಿತ್ತು.

"ಇನ್ ನೀವೇ ಹಿರಿಯರ್ ಮಾವಯ್ಯ," ಎಂದ ಶೀನ. "ನೀವ್ ಬಂದ್ ಕೂರ್ದಿರೆ ಆ ಮನೆಂಗೆ ಯಾರ ಮಾತನ್ನ ಯಾರೂ ಕೇಂತಿಲ್ಲೆ. ಈಗ್ಲೇ ಒಬ್ಬೊಬ್ರ್ ಒಂದೊಂದ್ ಒಲಿ ಹೂಡುಕೆ ಹೊರ್ಟಿರ್."

ಅಪ್ಪಯ್ಯ ಬಹಳ ಹೊತ್ತು ಎಲೆಗೆ ಸುಣ್ಣ ಹಚ್ಚುತ್ತಲೇ ಇದ್ದರು. ಕೊನೆಗೆ "ಕಾಂಬ," ಎಂದರು.

ನೋಡೋಣ ಎಂಬ ಆ "ಕಾಂಬ" ಎರಡು ವರ್ಷ ಎಳೆಯಿತು. ಸುಗ್ಗಿ ಕೊಯ್ಲು ಆಗಲಿ ಎಂದರು. ಆಯಿತು. ಕೆಂಪು ದನ ಕರು ಹಾಕಲಿ ಎಂದರು. ಹಾಕಿತು. ಸಸಿ ನೆಡುವ ನಟ್ಟಿಯ ಹೊತ್ತಿಗೆ ಹೋದರೆ ಭಾವನಿಗೆ ಕಷ್ಟ ಎಂದರು. ದಿನವೂ ಒಮ್ಮೆ ರಸ್ತೆಯವರೆಗೆ ನಡೆದುಹೋಗಿ, ಬಸ್ಸಿನವನಲ್ಲಿ ಬ್ರಹ್ಮಾವರದ ದಾರಿಯ ಹೊಳೆಯಲ್ಲಿ ದೋಣಿ ಸಮ ಇದೆಯೋ ಎಂದು ಕೇಳಿ, ಬಸ್ಸು ಹೋದ ಮೇಲೆ ಮನೆಗೆ ಬರುತ್ತಿದ್ದರು. ಮೆಟ್ಟು ಹರಿದಿತ್ತು. "ಹೋಪ್ದಾರೆ ಹೊಸತ್ ಬೇಕ್, ಇಪ್ಪುದಾರೆ ಬ್ಯಾಡ" ಎಂದು ಒಂದು ಮಳೆಗಾಲ ಪೂರ್ತಿ ಬರಿಗಾಲಲ್ಲಿ ಓಡಾಡಿದರು. ಮನೆಯಲ್ಲಿ ಒಬ್ಬರು ಹೋಗುವುದೋ ಇರುವುದೋ ಎಂದು ಯೋಚಿಸುತ್ತ ಕೂತರೆ ಉಳಿದವರೆಲ್ಲ ನಿಂತೇ ಇರಬೇಕಾಗುತ್ತದೆ. ನನ್ನ ಗಂಡ ಬೊಂಬಾಯಿಯ ಹೋಟೆಲಿನಲ್ಲಿ, ಮಕ್ಕಳು ಕಾಲಿಗೆ ಸುತ್ತಿಕೊಂಡು. ಇದರ ನಡುವೆ ಬೆಳಿಗ್ಗೆ ಎದ್ದರೆ ಅಪ್ಪಯ್ಯನ ಮುಖ ನೋಡಿ ಇವತ್ತು ಯಾವ ಕಡೆಗೆ ಎಂದು ಊಹಿಸುವುದು. ನನಗೆ ಸಾಕುಸಾಕಾಗಿ ಹೋಗಿತ್ತು.

ಒಮ್ಮೆ ಹೋದದ್ದೂ ಹೌದು. ವಾರ ತುಂಬುವ ಮೊದಲೇ ಕೊಡೆ ಹಿಡಿದುಕೊಂಡು ಗದ್ದೆಯ ಅಂಚಿನಲ್ಲಿ ಬರುವುದು ಕಂಡಿತು.

"ಎಂತ ಆಯ್ತ್ ಅಪ್ಪಯ್ಯ?"

"ಎಂತ ಇಲ್ಲೆ ಮಗಾ. ನಾ ಚಾವಡಿಗೆ ಬಂದ್ರೆ ಎಲ್ರೂ ಎದ್ದ್ ನಿಂತ್ಕಂತ್ರ್. ಅವ್ರ್ ನಿಂತದ್ದ್ ಕಂಡ್ ನಾನೂ ನಿಂತ್ಕಂತೆ. ಕೂಕಂಬುದ್ ಯಾವಾಗ?" ಎಂದು ನಕ್ಕರು. ಆಮೇಲೆ ಮೆಲ್ಲಗೆ, "ಆ ಹಟ್ಟಿಯ ದನಕ್ಕೆ ನನ್ನ ಗುರ್ತ ಇಲ್ಲೆ," ಎಂದರು.

ಆ ದಿನ ನಾನು ಹೇಳಿಯೇಬಿಟ್ಟೆ. "ನೀವ್ ಎಲ್ಲಿಗೂ ಹೋಪ್ದ್ ಬ್ಯಾಡ. ಇಲ್ಲೇ ಇರಿ."

"ನೀ ಹೇಳ್ರೆ ಆತಿಲ್ಲೆ ಮಗಾ. ನೀ ಮಗಳ್. ಇರಿ ಅಂದೇಳಿ ಹೇಳ್ಕಾರೆ ಯಜಮಾನ್ರೇ ಹೇಳ್ಕ್."

ಅವರು ಕಾಯುತ್ತಿದ್ದದ್ದು ಅದೊಂದು ಮಾತಿಗೆ ಎಂದು ನನಗೆ ಗೊತ್ತಾದದ್ದು ಆಗಲೇ. ನಾನು ನೇರ ಮಾವನ ಹತ್ತಿರ ಹೋದೆ. ಅವರು ಮಜ್ಜಿಗೆ ಕುಡಿಯುತ್ತಿದ್ದರು.

"ನಾ ಹ್ಯಾಂಗೆ ಹೇಳುದ್ ಹೆಣೆ?" ಎಂದರು. "ಸ್ವಂತ ಮನೆಯ ಯಜಮಾನಿಕೆಗೆ ಕರೀತ್ರ್. ಬ್ಯಾಡ, ಇಲ್ಲೇ ಇರಿ ಅಂದ್ರೆ ಗದ್ದೆ ಗೇಯ್ಮೆಗಾಗಿ ಇಟ್ಕಂಡ್ರ್ ಅಂಬ್ರ್ ಜನ. ಹೋಯ್ನಿ ಅಂದ್ರೆ ದೂಡಿ ಹಾಕ್ದಂಗ್ ಆತ್ತ್. ನನ್ನ ಬಾಯಿ ಎರಡೂ ಬದಿಂದ ಕಟ್ಟಿತ್."

ಅವರ ಮಾತೂ ಸುಳ್ಳಲ್ಲ. ಇಬ್ಬರು ಒಳ್ಳೆಯವರ ಮರ್ಯಾದೆಯ ನಡುವೆ ಬದುಕುವುದು ಎಷ್ಟು ದಣಿವಿನ ಕೆಲಸ ಎಂಬುದನ್ನು ಅನುಭವಿಸಿದವರೇ ಬಲ್ಲರು.

ಮುಂದಿನ ಸುಗ್ಗಿ ಕಳೆದ ಮೇಲೆ ಶೀನ ಮತ್ತೆ ಬಂದ. ಬ್ರಹ್ಮಾವರದ ಮನೆಯಲ್ಲಿ ಮೂರು ಒಲೆ ಆಗಿದ್ದವು. ಅಪ್ಪಯ್ಯನ ಮುದಿ ಅಕ್ಕ ಯಾವ ಒಲೆಯಲ್ಲೂ ಉಣ್ಣಲು ಒಪ್ಪದೆ ಕೂತಿದ್ದಳು. ಮಾವ ಎಲ್ಲವನ್ನೂ ಕೇಳಿಸಿಕೊಂಡು, ಎದ್ದು ಹಿತ್ತಿಲಿಗೆ ಹೋದರು. ಸ್ವಲ್ಪ ಹೊತ್ತಿನಲ್ಲಿ ಕತ್ತಿಯಲ್ಲಿ ಏನೋ ಕೆತ್ತುವ ಸದ್ದು, ಆಮೇಲೆ ಚಾವಡಿಯೊಳಗಿಂದ ಬಡಿಯುವ ಸದ್ದು. ಹೋಗಿ ನೋಡಿದರೆ ಒಳಚಾವಡಿಯಲ್ಲಿ, ತಮ್ಮ ಅಂಗಿಯ ಗೂಟದ ಪಕ್ಕದಲ್ಲಿಯೇ, ಮಾವ ಹಲಸಿನ ಮರದ ಒಂದು ಹೊಸ ಗೂಟ ಬಡಿಯುತ್ತಿದ್ದರು. ಬಡಿದು ಮುಗಿಸಿ, ಒಮ್ಮೆ ಜಗ್ಗಿ ನೋಡಿ, ಯಾರ ಮುಖವನ್ನೂ ನೋಡದೆ ತೋಟಕ್ಕೆ ನಡೆದರು.

ಅಪ್ಪಯ್ಯ ಹೊಸ್ತಿಲಲ್ಲಿ ನಿಂತು ಆ ಗೂಟವನ್ನು ನೋಡಿದರು. ಅವರ ಕಣ್ಣು ತುಂಬಿತು. ನನಗೋ ಎದೆಯ ಮೇಲಿನ ಕಲ್ಲು ಇಳಿದಷ್ಟು ಸಂತೋಷ. ಅಂಗಿ ತಂದು ನೇತುಹಾಕೋಣ ಎಂದು ಜಗಲಿಗೆ ಓಡಿದೆ. ಅಪ್ಪಯ್ಯ ತಡೆದರು.

"ಬ್ಯಾಡ ಮಗಾ. ನಾಳೆ ನಾ ಶೀನನ ಒಟ್ಟಿಗೆ ಹೋತೆ."

"ಗೂಟ ಕಂಡ್ ಮೇಲೂ ಹೋತ್ರ್ಯಾ?"

"ಗೂಟ ಕಂಡದ್ಕೇ ಹೋಪ್ದ್. ಇಷ್ಟ್ ದಿನ ಹೆದ್ರಿಕಿ ಇದ್ದಿತ್. ಇಲ್ಲಿಂದ ಒಂದ್ಸಲ ಎದ್ದ್ ಹೋರೆ ತಿರ್ಗಿ ಬಪ್ಪುಕೆ ನಂಗೆ ಎಂತ ಹಕ್ಕ್ ಇತ್ತ್ ಅಂದೇಳಿ. ಈಗ ಒಳ್ಗೆ ಒಂದ್ ಗೂಟ ಇತ್ತ್. ಅಕ್ಕ ಗಂಜಿ ಉಣ್ಣದೆ ಕೂತಿತ್, ಹೋಯ್ಕ್. ಅಲ್ಲಿದ್ದ್ ಒಂದ್ ಸಮ ಮಾಡಿ ಬತ್ತೆ. ಬಂದ್ ಮೇಲೆ ನೇಲ್ಸುವ."

ಮರುದಿನ ಹೊರಟರು. ಮಾವ ರಸ್ತೆಯವರೆಗೆ ಹೋಗಿ ಬಸ್ಸು ಹತ್ತಿಸಿದರು. ಬಸ್ಸಿನಲ್ಲಿ ಸೀಟು ಕಂಡ ಮೇಲೆ ಮಾವ "ಕೂಕಣಿ ಭಾವ" ಎಂದರು. ಆ ಒಂದು ಸಲ ಅಪ್ಪಯ್ಯ ತಿರುಗಿ ಹೇಳದೆ ಕೂತರು.

ಮಳೆಗಾಲಕ್ಕೆ ಮುಂಚೆ ನಾನೊಮ್ಮೆ ಹೋಗಿಬಂದೆ. ಬಸ್ಸು, ಕುಂದಾಪುರದ ಹೊಳೆಯಲ್ಲಿ ದೋಣಿ, ಆಚೆ ಮತ್ತೊಂದು ಬಸ್ಸು, ಬ್ರಹ್ಮಾವರಕ್ಕೆ ಮುಂಚೆ ಇನ್ನೊಂದು ಹೊಳೆ; ಮುಟ್ಟುವಾಗ ಮೈಯೆಲ್ಲ ನುಗ್ಗಾಗಿತ್ತು. ಆ ಮನೆಯಲ್ಲಿ ಒಲೆಗಳು ಮತ್ತೆ ಒಂದಾಗಿದ್ದವು. ಅಪ್ಪಯ್ಯ ಸೋತಿದ್ದರು, ಕಾಲು ಬಾತಿತ್ತು, ಸ್ವರ ಇಳಿದಿತ್ತು. ಅಂಗಿ, ಶಾಲು, ಕೊಡೆ ಅಲ್ಲಿಯೂ ಹೊರಜಗಲಿಯಲ್ಲೇ.

"ಯಜಮಾನ್ರಿಗೆ ಒಳ್ಗೆ ಗೂಟ ಇಲ್ಯಾ?" ಎಂದು ಕೆಣಕಿದೆ.

"ಇತ್ತ್. ಕೈ ಹೋತಿಲ್ಲೆ," ಎಂದು ನಕ್ಕರು. ಹೊರಡುವ ಹೊತ್ತಿಗೆ, ಎಲೆಗೆ ಸುಣ್ಣ ಹಚ್ಚುತ್ತ ಕೇಳಿದರು: "ಅಲ್ಲಿ ಆ ಗೂಟಕ್ಕೆ ಈಗ ಎಂತ ನೇಲ್ಸಿರಿ?"

"ಎಂತ ಇಲ್ಲೆ. ಸಣ್ಣವ ಒಂದಿನ ಶಾಲೆಯ ಚೀಲ ನೇಲ್ಸಿದ. ಮಾವ ತೆಗ್ಸಿದ್ರ್."

ಅಪ್ಪಯ್ಯ ತಲೆ ಆಡಿಸಿದರು. ಸುಣ್ಣ ಹಚ್ಚಿದ ಎಲೆಯನ್ನು ನನ್ನ ಕೈಗೇ ಕೊಟ್ಟರು. "ನಟ್ಟಿ ಕಳ್ದ್ ಕೂಡ್ಲೇ ಬತ್ತೆ ಅಂದೇಳಿ ಹೇಳ್," ಎಂದರು.

ನಟ್ಟಿ ಮುಗಿಯುವ ಮೊದಲೇ ತೀರಿಹೋದರು. ಹೊಳೆ ತುಂಬಿ ದೋಣಿ ನಿಂತಿದ್ದರಿಂದ ಸುದ್ದಿ ನಮಗೆ ಮುಟ್ಟಿದ್ದೇ ತಡವಾಗಿ. ನಾನು ತಲುಪುವಾಗ ಎಲ್ಲ ಮುಗಿದಿತ್ತು. ಅವರ ಮನೆಯವರೇ ಕೊಂಡುಹೋಗಿದ್ದರು, ಅದು ನ್ಯಾಯವೇ. ಶೀನ ಕೊಡೆಯನ್ನು ತಂದು ನನ್ನ ಕೈಗೆ ಕೊಟ್ಟ. ಬೇರೇನು ಕೊಡುವುದೆಂದು ಅವನಿಗೂ ತಿಳಿಯಲಿಲ್ಲ.

ಆ ಕೊಡೆಯನ್ನೇ ಬಿಚ್ಚಿಕೊಂಡು, ಜಡಿಮಳೆಯಲ್ಲಿ ಗದ್ದೆಯ ಅಂಚಿನಿಂದ ನಾನು ನಮ್ಮ ಜಗಲಿ ಹತ್ತಿದೆ. ಮಾವ ಅಲ್ಲೇ ನಿಂತಿದ್ದರು. ದೂರದಿಂದ ಕೊಡೆ ಕಂಡೇ ಎದ್ದು ನಿಂತಿದ್ದರೆಂದು ಮಕ್ಕಳು ಆಮೇಲೆ ಹೇಳಿದರು. ಕೈಚಾಚಿ ಕೊಡೆ ತೆಗೆದುಕೊಂಡರು. ಮಡಚಿ, ನೀರು ಕೊಡವಿ, ತಮ್ಮ ಹೆಗಲ ಶಾಲಿನಿಂದಲೇ ಬೆತ್ತದ ಹಿಡಿಯನ್ನು ಒರೆಸಿದರು. ಒಳಗೆ ಹೋಗಿ ಹಲಸಿನ ಗೂಟಕ್ಕೆ ಅದನ್ನು ತೂಗುಹಾಕಿದರು.

"ಬಾಗ್ಲಿಗೆ ಅಗುಳಿ ಹಾಕ್ ಹೆಣೆ," ಎಂದರು. "ಭಾವ ಒಳ್ಗ್ ಬಂದ್ರ್."