ಶಾಂತವ್ವನ ಗೋವಾ ಪಾಸಿಂಗ್ ಗಾಡಿ

ಕೆಟ್ಟ ಸುದ್ದಿ ಕೇಳಿದರೆ ಶಾಂತವ್ವ ನಗುತ್ತಿದ್ದಳು. ಸಣ್ಣಗೆ ಅಲ್ಲ, ತಲೆಯ ಮೇಲಿನ ಸೆರಗು ಜಾರುವಷ್ಟು. ಗಂಡ ತೀರಿಕೊಂಡ ತಿಂಗಳೊಪ್ಪತ್ತಿನಲ್ಲಿ ಆಕೆ ನನ್ನ ಅಂಗಡಿಗೆ ಬಂದು, ಪ್ಲಾಸ್ಟಿಕ್ ಚೀಲದಲ್ಲಿದ್ದ ಆತನ ಲಾರಿಯ ಕಾಗದಗಳನ್ನೆಲ್ಲ ಮೇಜಿನ ಮೇಲೆ ಸುರುವಿದಳು. ನಾನು ಒಂದೊಂದಾಗಿ ನೋಡಿ ಹೇಳಿದೆ:

"ಅಕ್ಕಾ, ನಿಮ್ಮ ಹೆಸರಿಗೆ ಆಗೂತನಕ ಈ ಗಾಡಿ ರೋಡಿಗೆ ಇಳಸೂ ಹಂಗಿಲ್ರಿ. ಘಟ್ಟದ ಮ್ಯಾಲಷ್ಟ ಅಲ್ಲ, ಗೋವಾದಾಗೂ ಇಲ್ಲ."

ಆಕೆ ನಕ್ಕಳು. ಹೊರಗೆ ನಿಂತಿದ್ದ ಡ್ರೈವರುಗಳು ತಿರುಗಿ ನೋಡಿದರು. ನಕ್ಕು ಮುಗಿಸಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಅವರು ಇದ್ದಾಗೂ ಹಿಂಗ ಇತ್ರಿ ಮಾಸ್ತರ. ಅವರು ಕೈ ಹಚ್ಚದ ಅದು ಅಲ್ಲಾಡತಿದ್ದಿಲ್ಲ" ಎಂದಳು.

ನಾನು ಮಾಸ್ತರನಲ್ಲ. ಹುನಗುಂದದ ಕಡೆಯಿಂದ ಬಂದು ಗೋವಾದ ಫೋಂಡಾದಲ್ಲಿ, ಸಾರಿಗೆ ಕಚೇರಿಗೆ ಹೋಗುವ ದಾರಿಯಲ್ಲಿ, ಒಂದು ಝೆರಾಕ್ಸ್ ಅಂಗಡಿ ಇಟ್ಟುಕೊಂಡವನು. ಅರ್ಜಿ ತುಂಬಿಕೊಡುತ್ತೇನೆಂದು ನಮ್ಮ ಕಡೆಯವರೆಲ್ಲ ಹಾಗೆ ಕರೆಯುತ್ತಾರೆ. ಶಾಂತವ್ವನ ಗಂಡ ಯಮನಪ್ಪನೂ ಹಾಗೇ ಕರೆಯುತ್ತಿದ್ದ. ಬಾಗೇವಾಡಿಯ ಕಡೆಯವನು. ಫೋಂಡಾದ ಪಕ್ಕದ ಉಸಗಾಂವದಲ್ಲಿ ಬೇರೆಯವರ ಲಾರಿಯಲ್ಲಿ ವರ್ಷಗಟ್ಟಲೆ ಗಣಿಯ ಮಣ್ಣು ಹೊತ್ತು, ಕೊನೆಗೆ ಆರು ಚಕ್ರದ ಸ್ವಂತ ಟಿಪ್ಪರು ಕೊಂಡಿದ್ದ. ಗಣಿ ನಿಂತಾಗ ಆ ಊರಿನ ಲಾರಿಗಳೆಲ್ಲ ಮನೆಯ ಮುಂದೆ, ಗೇರುಮರದ ಕೆಳಗೆ, ಕಟ್ಟಿಹಾಕಿದ ಎಮ್ಮೆಗಳ ಹಾಗೆ ನಿಂತುಬಿಟ್ಟವು. ಯಮನಪ್ಪ ಸಿಕ್ಕಿದ ಲೋಡು ಹೊಡೆದುಕೊಂಡು ಹೇಗೋ ದಿನ ತೂಗಿಸಿದ. ಆಮೇಲೆ ಕಾಮಾಲೆಯಾಯಿತು. ಊರಿನ ಔಷಧಿ, ಇಲ್ಲಿಯ ಆಸ್ಪತ್ರೆ ಎಂದು ಓಡಾಡುವಷ್ಟರಲ್ಲಿ ಹೋಗಿಬಿಟ್ಟ. ಮಕ್ಕಳಿರಲಿಲ್ಲ. ಉಳಿದದ್ದು ಶಾಂತವ್ವ, ಟಿಪ್ಪರು, ಊರಲ್ಲಿ ಅವನ ತಾಯಿ ನಿಂಗವ್ವ.

ಶಾಂತವ್ವನ ಲೆಕ್ಕಾಚಾರ ಸರಳವಾಗಿತ್ತು. ಗೋವಾದೊಳಗೆ ಲಾರಿಗಳು ಹೆಚ್ಚು, ಲೋಡು ಕಡಿಮೆ. ನ್ಯಾಷನಲ್ ಪರ್ಮಿಟ್ ಮಾಡಿಸಿಕೊಂಡರೆ ಇಲ್ಲಿಯ ಕಾರ್ಖಾನೆಗಳ ಮಾಲು ತುಂಬಿಕೊಂಡು ಅನಮೋಡ ಘಟ್ಟ ಹತ್ತಿ ಬೆಳಗಾವಿ, ಹುಬ್ಬಳ್ಳಿ ಮುಟ್ಟಬಹುದು. ಬರುವಾಗ ಜೋಳವೋ ಈರುಳ್ಳಿಯೋ ಸಿಗುತ್ತದೆ. ನಡುವೆ ಊರೂ ಸಿಗುತ್ತದೆ. ಆದರೆ ಆರು ಚಕ್ರದ ಗಾಡಿಗೆ ಹನ್ನೆರಡು ವರ್ಷ ತುಂಬಿದರೆ ಆ ಪರ್ಮಿಟ್ ಸಿಗುವುದಿಲ್ಲ. ಅದಕ್ಕೆ ಆಗಲೇ ಹತ್ತು ದಾಟಿತ್ತು. ಕರ್ನಾಟಕದ ಪಾಸಿಂಗ್, ಅಂದರೆ ಅಲ್ಲಿಯ ನೋಂದಣಿ, ಮಾಡಿಸಬಹುದಿತ್ತು. ಅಲ್ಲಿಯ ತೆರಿಗೆ, ಖರ್ಚು ಎಲ್ಲ ಕೂಡಿಸಿದರೆ ಕುದುರೆಗಿಂತ ಲಗಾಮು ತುಟ್ಟಿ. ಹಾಗಾಗಿ ಬೇಗ ಹೆಸರು ಬದಲಾಗಬೇಕು, ಬೇಗ ಪರ್ಮಿಟ್ ಆಗಬೇಕು. ಅದಕ್ಕೆ ಬೇಕಾದದ್ದು ಇನ್ನೊಬ್ಬ ವಾರಸುದಾರಳ ಒಪ್ಪಿಗೆ. ಅಂದರೆ ನಿಂಗವ್ವನ ಹೆಬ್ಬೆಟ್ಟು.

ಶಾಂತವ್ವ ಬಸ್ಸು ಹತ್ತಿ ಊರಿಗೆ ಹೋದಳು. ವಾರದ ಮೇಲೆ ಬರಿಗೈಲಿ ಬಂದಳು. ಅವತ್ತು ಮಾತ್ರ ಆಕೆ ನಗಲಿಲ್ಲ.

"ಏನಂದ್ರು?" ಎಂದೆ.

"'ನನ್ನ ಮಗನ ಹೆಸರು ಅಳಸಾಕ ನನ್ನ ಹೆಬ್ಬಟ್ಟ ಕೇಳಾಕ ಬಂದಿಯಲ್ಲ, ನಿನಗ ಬಾಯಿ ಹೆಂಗ ಬಂತು' ಅಂದ್ರು. ಸರಕಾರದಾಗ ಅವರ ಹೆಸರು ಇರೂದು ಅದೊಂದರಾಗ ಅಂತ್ರಿ. ರೇಷನ್ ಕಾರ್ಡಿನಾಗಿಂದೂ ತಗದಾರಂತ."

"ತಿಳಸಿ ಹೇಳಬೇಕಿಲ್ರಿ?"

"ಹೆತ್ತಾಕಿಗೆ ಏನ್ ತಿಳಸೂದ್ರಿ ಮಾಸ್ತರ? ನನಗರ ಆ ಹೆಸರು ತಗೀರಿ ಅಂತ ಹೇಳೂದು ಭಾಳ ಚಲೋ ಅನಸೇತೇನು?"

ಆಮೇಲೆ ಆಕೆ ಅತ್ತೆಯನ್ನು ಒತ್ತಾಯಿಸಲೇ ಇಲ್ಲ. ಹಬ್ಬಕ್ಕೆ ಸೀರೆ ಕಳಿಸುತ್ತಿದ್ದಳು, ಫೋನು ಮಾಡುತ್ತಿದ್ದಳು, ಗಾಡಿಯ ಮಾತು ತೆಗೆಯುತ್ತಿರಲಿಲ್ಲ. ಫೋಂಡಾದ ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಕೆಲಸಕ್ಕೆ ಸೇರಿಕೊಂಡಳು. ಊರಿಗೇ ಹೋಗಿ ಇರಬಾರದೇ ಎಂದು ಯಾರಾದರೂ ಕೇಳಿದರೆ, "ಬಿಟ್ಟು ಹೋದ್ರ ಗಾಲಿ ಬಿಚಗೊಂಡು ಹೊಕ್ಕಾರ್ರಿ" ಅನ್ನುತ್ತಿದ್ದಳು. ಒಮ್ಮೆ ನನ್ನೊಬ್ಬನ ಹತ್ತಿರ ಹೇಳಿದಳು: "ಅದಕ್ಕ ನಾ ಕಾವಲಿದ್ದೀನೋ, ನನಗ ಅದು ಕಾವಲೈತೋ, ತಿಳಿವಲ್ತು. ಮುಂದ ಹೋಗಾಕ ಬರೂದಿಲ್ಲ, ಬಿಟ್ಟು ಹೋಗಾಕ ಬರೂದಿಲ್ಲ."

ಸುಮ್ಮನೆ ಕೂಡುವ ಜೀವ ಅಲ್ಲ ಅದು. ಯಮನಪ್ಪನ ಜೊತೆ ಮಣ್ಣು ಹೊಡೆಯುತ್ತಿದ್ದ ಪೆದ್ರು ಎಂಬ ಉಸಗಾಂವದ ಡ್ರೈವರು ಇದ್ದ. ಅವನೂ ಕೆಲಸವಿಲ್ಲದೆ ಕೂತಿದ್ದ. ಅವನನ್ನು ಹಿಡಿದು, ಗಾಡಿ ನಿಂತಿದ್ದ ಖಾಸಗಿ ಬಯಲಿನಲ್ಲೇ ಸ್ಟಿಯರಿಂಗು ಹಿಡಿಯಲು ಕಲಿತಳು. ಒಂದು ರವಿವಾರ ನಾನೂ ನೋಡಲು ಹೋಗಿದ್ದೆ. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು, ತಲೆಗೆ ಟವೆಲು ಸುತ್ತಿ, ಬೆನ್ನ ಹಿಂದೆ ದಿಂಬು ಇಟ್ಟುಕೊಂಡು ಕೂತಿದ್ದಳು. ಪೆದ್ರು ಪಕ್ಕದಲ್ಲಿ ಓಡುತ್ತ, ಅಕ್ಕನಿಗೆ ಹೇಳುವ ಹಾಗೆ ಕೊಂಕಣಿಯಲ್ಲಿ, "ಸಾವಕಾಸ, ಬಾಯ್, ಸಾವಕಾಸ!" ಎಂದು ಕೂಗುತ್ತಿದ್ದ. ಗಾಡಿ ಹೋಗಿ ಮಣ್ಣಿನ ದಿಬ್ಬಕ್ಕೆ ಮೂತಿ ಇಟ್ಟಿತು. ಪೆದ್ರು ತಲೆಯ ಮೇಲೆ ಕೈ ಹೊತ್ತ. ಈಕೆ ಒಳಗೆ ಕೂತು ನಗುತ್ತಿದ್ದಳು.

ಮೊದಲು ಸಣ್ಣ ಗಾಡಿಯ ಲೈಸನ್ಸು, ಅದಕ್ಕೆ ವರ್ಷ ತುಂಬಿದ ಮೇಲೆ ಡ್ರೈವಿಂಗ್ ಶಾಲೆಯ ಪ್ರಮಾಣಪತ್ರ, ದೊಡ್ಡದರ ಪರೀಕ್ಷೆ. ಪರೀಕ್ಷೆಯ ದಿನ ಮೈದಾನದ ಅಂಚಿನಲ್ಲಿ ಗುಂಪು ಸೇರಿತ್ತು. ಶಾಲೆಯ ಲಾರಿಯನ್ನು ಹಿಂದಕ್ಕೆ ತೆಗೆಯುವಾಗ ಗುಂಪಿನವನೊಬ್ಬ ಹಿಂದಿಯಲ್ಲಿ, ಇದು ರೊಟ್ಟಿ ಬಡಿದ ಹಾಗಲ್ಲ ಎಂದು ಕೂಗಿದ. ಶಾಂತವ್ವ ಗಾಡಿ ನಿಲ್ಲಿಸಿ, ಕಿಟಕಿಯಿಂದ ತಲೆ ಹೊರಗೆ ಹಾಕಿ, ಕನ್ನಡದಲ್ಲೇ ಹೇಳಿದಳು: "ಖರೇ ಐತಪ್ಪ. ರೊಟ್ಟಿ ಹರದ್ರ ಕೂಡಸಾಕ ಬರೂದಿಲ್ಲ, ಇದು ಭಾಳ ಹಗರ ಐತಿ." ಅವನಿಗೆ ಅರ್ಥವಾಗಲಿಲ್ಲ. ಪರೀಕ್ಷೆ ತೆಗೆದುಕೊಳ್ಳುತ್ತಿದ್ದ ಸಾಹೇಬರು ಧಾರವಾಡದಲ್ಲಿ ಓದಿದವರಂತೆ. ಕಾಗದದಿಂದ ಮುಖ ಮುಚ್ಚಿಕೊಂಡು ನಕ್ಕರು. ಆಕೆ ಪಾಸಾದಳು.

ಆ ಹೊತ್ತಿಗೆ ಗಾಡಿಯ ವಯಸ್ಸು ಅಂಚಿಗೆ ಬಂದಿತ್ತು. ಒಂದು ದಿನ ಪೇಢೆಯ ಪೊಟ್ಟಣ ಹಿಡಿದುಕೊಂಡು ಅಂಗಡಿಗೆ ಬಂದಳು. ನನಗೂ, ಸ್ಟೂಲಿನ ಮೇಲೆ ಕೂತಿದ್ದ ಗಿರಾಕಿಗಳಿಗೂ ಹಂಚಿದಳು. ಏನು ವಿಶೇಷ ಎಂದು ಕೇಳಿದೆ.

"ನಮ್ಮ ಗಾಡೀದು ಹುಟ್ಟಿದಹಬ್ಬರಿ. ಹನ್ನೆರಡು ಮುಗೀತು. ಇನ್ನ ಅದು ಘಟ್ಟ ಹತ್ತೂದಿಲ್ಲ."

ಎಲ್ಲರ ಬಾಯಲ್ಲೂ ಪೇಢೆಯಿತ್ತು. ಆಕೆಯೊಬ್ಬಳೇ ನಗುತ್ತಿದ್ದಳು. ನಗುತ್ತಲೇ ಖಾಲಿ ಪೊಟ್ಟಣವನ್ನು ಬೆರಳಷ್ಟಾಗುವ ತನಕ ಮಡಚಿದಳು.

ಆ ಮಳೆಗಾಲದ ಕೊನೆಗೆ ನಿಂಗವ್ವ ತಾನಾಗಿಯೇ ಬಂದಳು. ಸೊಸೆ ಲಾರಿ ಹೊಡೆಯುತ್ತಾಳೆ ಎಂದು ಊರಲ್ಲಿ ಸುದ್ದಿಯಾಗಿತ್ತಂತೆ. ಬೈಯಲೆಂದೇ ಬಸ್ಸು ಹತ್ತಿದ್ದಳು. ಬಯಲಿಗೆ ಹೋಗಿ ಗೇರುಮರದ ಕೆಳಗೆ ನಿಂತಳಂತೆ. ಶಾಂತವ್ವ ಗಾಡಿ ತಿರುಗಿಸಿ ತಂದು ಆಕೆಯ ಮುಂದೆ ನಿಲ್ಲಿಸಿದಾಗ, ಮುದುಕಿ ಬೈಯುವುದನ್ನು ಬಿಟ್ಟು ಬಾನೆಟ್ಟಿಗೆ ಹಣೆ ಹಚ್ಚಿ ಅತ್ತಳಂತೆ. ಮರುದಿನ ಇಬ್ಬರೂ ನನ್ನ ಅಂಗಡಿಗೆ ಬಂದರು.

"ಎಲ್ಲಿ ಒತ್ತಬೇಕೋ ತಮ್ಮಾ, ತೋರಸು" ಎಂದಳು ನಿಂಗವ್ವ. "ನನ್ನ ಮಗನ ಗಾಡಿ ತುಕ್ಕು ತಿನ್ನೂದು ನೋಡಾಕ ಆಗೂದಿಲ್ಲ. ಆದ್ರ ಇನ್ನ ಮುಂದ ಅದರಾಗ ಅಂವನ ಹೆಸರು ಇರೂದಿಲ್ಲ, ಹೌದಿಲ್ಲೊ?"

ನಾನು ಕಂಪ್ಯೂಟರಿನ ಪರದೆಯನ್ನು ಆಕೆಯ ಕಡೆ ತಿರುಗಿಸಿದೆ. "ಇಲ್ಲಿ ನೋಡ್ರಿ ಯವ್ವಾ. ಶಾಂತವ್ವ ಯಮನಪ್ಪ ಅಂತ ಬರತೈತಿ. ಆಕಿ ಹೆಸರಿನ ಬೆನ್ನಿಗೇ ಅದಾನ ನಿಮ್ಮ ಮಗ."

ಮುದುಕಿ ಆ ಅಕ್ಷರಗಳ ಮೇಲೆ ಬೆರಳಿಟ್ಟಳು. ಬಹಳ ಹೊತ್ತು ತೆಗೆಯಲಿಲ್ಲ. ನಾನು ಇಂಕಿನ ಪ್ಯಾಡು ಮುಂದೆ ಇಟ್ಟೆ. ಹೆಬ್ಬೆಟ್ಟು ಒತ್ತಿ, ಕೈ ಒರೆಸಿಕೊಳ್ಳುತ್ತ ಆಕೆ ಕೇಳಿದಳು: "ಇನ್ನರ ಗಾಡಿ ಊರಿಗೆ ಬರತೈತಿಲ್ಲೊ?"

ನಾನು ಬಾಯಿ ತೆರೆದೆ. ಶಾಂತವ್ವ ನನಗಿಂತ ಮೊದಲು ಹೇಳಿಬಿಟ್ಟಳು. "ಬರತೈತ್ರಿ ಅತ್ತಿ. ಮಳಿ ಪೂರಾ ನಿಲ್ಲಲಿ."

ಹೇಳುವಾಗ ಆಕೆ ನನ್ನ ಕಡೆ ನೋಡಿದ ನೋಟವನ್ನು ನಾನು ಮರೆತಿಲ್ಲ. ಅತ್ತೆಯನ್ನು ಬಸ್ಸಿಗೆ ಹತ್ತಿಸಿ ಬಂದ ಮೇಲೆ, ನಾನು ಕೇಳುವ ಮೊದಲೇ ಅಂದಳು: "ಮಗನ್ನ ಕಳಕೊಂಡಾಳ್ರಿ ಆಕಿ. ನಿನ್ನಿಂದ ತಡಾ ಆತು ಅಂತ ಅದನ್ನೂ ಹೊರಸ್ಲೇನು?"

ಹೆಸರು ಬದಲಾಯಿತು. ಫಿಟ್ನೆಸ್ ಸರ್ಟಿಫಿಕೇಟೂ ಆಯಿತು. ಶಾಂತವ್ವ ಖಾನಾವಳಿ ಬಿಟ್ಟು, ತನ್ನ ಟಿಪ್ಪರಿನಲ್ಲಿ ಕೆಂಪುಕಲ್ಲು ಹೊಡೆಯತೊಡಗಿದಳು. ಉಸಗಾಂವದಿಂದ ಫೋಂಡಾ, ಫೋಂಡಾದಿಂದ ಫಾತೋರ್ಡಾದ ಕಟ್ಟಡಗಳು, ಮತ್ತೆ ಉಸಗಾಂವ. ಅಲ್ಲಿಂದಲ್ಲಿಗೆ ಸರಿಹೋಯಿತು ಎಂದುಕೊಂಡಿದ್ದೆ. ಆಕೆಗೆ ಅದು ಗಾಣದ ಸುತ್ತಾಗಿತ್ತು. "ದಿನಾ ನಡದೇ ನಡೀತೀನ್ರಿ, ಸಂಜಿಗೆ ಹೊಂಟಲ್ಲೇ ಇರ್ತೀನಿ" ಅನ್ನುತ್ತಿದ್ದಳು. ಒಮ್ಮೆ ಘಟ್ಟದ ಬುಡದ ಮೊಲೆಂ ಹತ್ತಿರ ಕಲ್ಲು ಇಳಿಸಿ, ಚೆಕ್‌ಪೋಸ್ಟಿನ ಈಚೆ ಗಾಡಿ ನಿಲ್ಲಿಸಿಕೊಂಡು, ಬೇರೆ ಲಾರಿಗಳು ಒಂದರ ಹಿಂದೊಂದು ಘಟ್ಟದ ಕಡೆ ಹೋಗುವುದನ್ನು ನೋಡುತ್ತ ಕೂತಿದ್ದಳಂತೆ. ಪೊಲೀಸಿನವನು ಬಂದು ಗಾಡಿ ಕೆಟ್ಟಿದೆಯೇ ಎಂದು ಕೇಳಿದನಂತೆ. ಇಲ್ಲ ಎಂದು ತಿರುಗಿಸಿಕೊಂಡು ಬಂದಳಂತೆ.

ಅದಕ್ಕಿಂತ ಕಷ್ಟದ್ದು ನಿಂಗವ್ವನ ಫೋನು. ಸೊಸೆ ಗಾಡಿ ಹೊಡೆಯುವಾಗ ಎತ್ತುವುದಿಲ್ಲವೆಂದು ನನ್ನ ನಂಬರಿಗೇ ಮಾಡುತ್ತಿದ್ದಳು. "ತಮ್ಮಾ, ಗಾಡಿ ಯಾವಾಗ ಬರತೈತಿ? ಓಣಿಯವರೆಲ್ಲ ಕೇಳಾಕತ್ತಾರ." ನಾನು ಘಟ್ಟದ ರಸ್ತೆ ರಿಪೇರಿ ಎನ್ನುತ್ತಿದ್ದೆ. ಆಮೇಲೆ ಟಯರು ಎಂದೆ. ಆಮೇಲೆ ಆಫೀಸಿಗೆ ರಜೆ ಎಂದೆ. ಶಾಂತವ್ವನಿಗೆ ತಿಳಿಸಿದರೆ, "ನಿಮ್ಮನ್ನೂ ಒಳಗ ಹಾಕ್ಕೊಂಡೆ ನೋಡ್ರಿ ಮಾಸ್ತರ" ಎಂದು ತಲೆ ತಗ್ಗಿಸುತ್ತಿದ್ದಳು. ಒಂದು ಸುಳ್ಳಿನೊಳಗೆ ನಾವಿಬ್ಬರೂ ಹೊಕ್ಕು, ಬಾಗಿಲು ಯಾವ ಕಡೆಗಿದೆ ಎಂದು ಗೊತ್ತಾಗದ ಹಾಗೆ ಕೂತಿದ್ದೆವು.

ಹೋದ ದೀಪಾವಳಿಯ ಹಿಂದುಮುಂದೆ ಆಕೆ ಕಡೆಯ ಸಲ ಅಂಗಡಿಗೆ ಬಂದಳು. ಟಿಪ್ಪರನ್ನು ಕಲ್ಲಿನ ವ್ಯಾಪಾರಿಗೆ ಮಾರಿದ್ದಳು. ಫೋಂಡಾದ ಟ್ರಾನ್ಸ್‌ಪೋರ್ಟಿನವರ ಹತ್ತು ಚಕ್ರದ ಗಾಡಿಗೆ ಡ್ರೈವರಾಗಿ ಸೇರಿದ್ದಳು. ಖಾಕಿ ಅಂಗಿಯನ್ನು ಸೀರೆಯ ಮೇಲೇ ತೊಟ್ಟಿದ್ದಳು.

"ಗಾಡಿಗೆ ಪರ್ಮಿಟ್ ಸಿಗಲಿಲ್ಲ, ಬಿಡ್ರಿ" ಎಂದಳು. "ನನ್ನ ಲೈಸನ್ಸಿಗೆ ಯಾವ ರಾಜ್ಯದ ಗಡಿನೂ ಇಲ್ಲಲ್ಲ. ಇಷ್ಟು ದಿನಾ ಇದು ನನ್ನ ತಲಿಗೇ ಬಂದಿದ್ದಿಲ್ಲ. ಗಾಡಿ ಬಿಟ್ರ ನಾನೂ ಇಲ್ಲ ಅಂತ ತಿಳದಿದ್ದೆ."

"ಅತ್ತಿಗೆ ಏನಂತೀರಿ?"

"ಬಾಗೇವಾಡಿ ಮ್ಯಾಲಿಂದ ಲೋಡು ಐತಿ. ಮುಂದ ನಿಂತು ಖರೇ ಹೇಳ್ತೀನಿ. ಬೈದ್ರ ಬೈಸ್ಕೋತೀನಿ."

ಚಹಾ ತರಿಸುತ್ತೇನೆಂದೆ. ಲೋಡು ಕಾಯುತ್ತಿದೆ ಎಂದು ಹೊರಟೇಬಿಟ್ಟಳು. ಅದಾದ ಮೇಲೆ ನಾನು ಆಕೆಯನ್ನು ಕಂಡಿಲ್ಲ. ಗಾಡಿ ಸೂರತ್ತಿಗೆ, ಇಂದೋರಿಗೆ ಹೋಗುತ್ತದೆಂದು ಪೆದ್ರು ಹೇಳುತ್ತಿರುತ್ತಾನೆ. ಒಂದೇ ಒಂದು ಸಲ ಫೋನು ಬಂತು. ಎಲ್ಲಿದ್ದೀರಿ ಎಂದು ಕೇಳಿದೆ. "ಬೋರ್ಡು ಗುಜರಾತಿಯಾಗ ಐತ್ರಿ, ಓದಾಕ ಬರೂದಿಲ್ಲ. ಢಾಬಾದಾಗ ಊಟ ಚಲೋ ಐತಿ" ಎಂದಳು. ಆಮೇಲೆ ಊರಿನ ಸಂಗತಿ ಹೇಳಿದಳು.

ಗಾಡಿ ಬರುತ್ತದೆಂದು ತಿಳಿದು ನಿಂಗವ್ವ ಆರತಿ ತಟ್ಟೆ ಹಿಡಿದುಕೊಂಡು ರಸ್ತೆಗೇ ಬಂದಿದ್ದಳಂತೆ. ಓಣಿಯ ಹೆಂಗಸರೂ ಬಂದಿದ್ದರಂತೆ. ಮುದುಕಿ ತಟ್ಟೆ ಎತ್ತುವುದರೊಳಗೆ ಶಾಂತವ್ವ ಕೆಳಗಿಳಿದು ಹೇಳಿಬಿಟ್ಟಳಂತೆ: ಅತ್ತಿ, ಇದು ಅವರ ಗಾಡಿ ಅಲ್ಲ, ಅದನ್ನು ಮಾರಿದೆ, ನೀವು ಹೆಬ್ಬೆಟ್ಟು ಒತ್ತುವ ಮೊದಲೇ ಅದರ ವಯಸ್ಸು ಮೀರಿತ್ತು ಎಂದು.

"ಏನಂದ್ರು?" ಎಂದೆ.

"ಕೈಯಾಗಿನ ದೀಪ ಗಾಳಿಗೆ ಹೊಯ್ದಾಡಾಕತ್ತಿತ್ತು. 'ಅವತ್ತ ಯಾಕ ಹೇಳಲಿಲ್ಲ' ಅಂದ್ರು. 'ಅಳಾಕತ್ತಿದ್ರಿ, ಅದಕ್ಕ' ಅಂದೆ. ಆಮ್ಯಾಲ ತಟ್ಟಿ ನನ್ನ ಕಡೆ ತಿರುವಿದ್ರು. ನಾ ಹಿಂದ ಸರದೆ. 'ಅತ್ತಿ, ಗಂಡ ಸತ್ತಾಕಿಗೆ ಯಾರರ ಆರತಿ ಮಾಡ್ತಾರೇನು, ಮಂದಿ ನೋಡಾಕತ್ತಾರ' ಅಂದೆ."

ಆ ಕಡೆ ಲಾರಿಗಳು ಹಾದುಹೋಗುವ ಸದ್ದು ಕೇಳುತ್ತಿತ್ತು.

"'ಗಾಡಿಗೆ ಮಾಡಬೇಕಂತ ಎಣ್ಣಿ ಹಾಕ್ಕೊಂಡು ಬಂದೀನಿ' ಅಂದ್ರು. 'ಗಾಡಿ ಬರಲಿಲ್ಲ, ನೀ ಬಂದಿ. ನೆಟ್ಟಗ ನಿಂದ್ರು.'"