ಕಂಬದ ಹಿಂದಿನ ಕೂಗು

ಕೆನಡಾದ ವಿಟ್ಬಿ ಊರಿನ ಹಳೇ ಕೋರ್ಟು ಈಗ ನಾಟಕಶಾಲೆ. ಮೊಮ್ಮಗಳ ಜೊತೆ ನಾಟಕಕ್ಕೆ ಕಾಯುತ್ತ ಅದರ ಮೆಟ್ಟಿಲ ಮೇಲೆ ಕೂತಾಗ ನೆನಪಾಯಿತು: ನಮ್ಮೂರಿನ ಕೋರ್ಟನ್ನು ನಾನು ಎಂಟನೇ ವಯಸ್ಸಿಗೇ ನಾಟಕಶಾಲೆ ಮಾಡಿದ್ದೆ. ಈ ಐತಿಹಾಸಿಕ ಸಾಧನೆಯನ್ನು ಯಾರೂ ಕಲ್ಲಿನಲ್ಲಿ ಕೆತ್ತಿಸಲಿಲ್ಲ.

ಅಪ್ಪ ಅಲ್ಲಿ ದಫೇದಾರ. ಎಲೆಅಡಿಕೆ ಉಗಿದು, ಗಂಟಲು ಸರಿಮಾಡಿಕೊಂಡು, ಕಕ್ಷಿದಾರರ ಹೆಸರನ್ನು ಮೂರು ಸಲ ಕೂಗುತ್ತಿದ್ದರು. ಒಂದು ದಿನ ಕಂಬದ ಹಿಂದೆ ನಿಂತು ಅವರದೇ ರಾಗದಲ್ಲಿ ನಾನು ಕೂಗಿದೆ: "ನಿಂಗಮ್ಮಾ..." ಜಗಲಿಯಲ್ಲಿದ್ದ ಮುದುಕಿ ಸೆರಗು ಹೊದ್ದು ಒಳಗೆ ಓಡಿದಳು. ಎಲ್ಲರೂ ನಕ್ಕರು, ಅವಳೂ ನಕ್ಕಳು.

ಆಮೇಲೆ ಅಪ್ಪ ಒಳಗಿನಿಂದ ನಿಜವಾಗಿಯೇ ಅವಳ ಹೆಸರು ಕೂಗಿದರು. ನಿಂಗಮ್ಮ ಕಂಬದ ಕಡೆ ಬೆರಳಾಡಿಸಿ, "ಸಾಕು ಸುಮ್ಕಿರೇ ತರ್ಲೆ, ಇನ್ನು ಏಳಾಕಿಲ್ಲ" ಎಂದಳು. ಏಟಿಗೆ ಹೆದರಿ ನಾನು ಬಾಯಿ ಬಿಡಲಿಲ್ಲ. ಕರೆದಾಗ ಹಾಜರಾಗಲಿಲ್ಲವೆಂದು ಅವಳ ಹೊಲದ ಕೇಸು ವಜಾ ಆಯಿತು.

"ಅಜ್ಜೀ, ದೇ ಆರ್ ಕಾಲಿಂಗ್ ಅಸ್" ಎಂದಳು ಮೊಮ್ಮಗಳು.

"ನಿಜವಾಗ್ಲೂ ಅವ್ರೇ ಕರೆದಿದ್ದಾ?" ಎಂದೆ.